ಮೇಘದೂತದ ದಗ್ಧಾರಣ್ಯ: ಒಂದು ಪಾಠವಿಚಾರ

ಮೇಘದೂತದ ಪೂರ್ವಭಾಗದಲ್ಲಿ ಯಕ್ಷನು ಮೋಡಕ್ಕೆ ದಾರಿಯನ್ನು ಹೇಳುತ್ತ ಬರುವಾಗ ಆಮ್ರಕೂಟವನ್ನೂ ವಿಂಧ್ಯದ ಅಡಿಯಲ್ಲಿ ಒಡೆದು ಹರಿಯುವ ರೇವೆಯನ್ನೂ ದಾಟಿಸಿದಮೇಲೆ ಒಂದು ಶ್ಲೋಕವುಂಟು. ನೀಪದ ಹೂವು ಅರೆಬಿರಿದಿದೆ, ಜೌಗಿನ ಅಂಚಿನಲ್ಲಿ ಕಂದಲಿಯ ಮೊದಲ ಮೊಗ್ಗು ಕಾಣಿಸಿಕೊಂಡಿದೆ, ನೆಲದಿಂದ ಪರಿಮಳವೆದ್ದಿದೆ, ಸಾರಂಗಗಳು ಹನಿಯುದುರಿಸುವ ಮೋಡದ ದಾರಿಯನ್ನು ಸೂಚಿಸುತ್ತವೆ. ಭಾವಾರ್ಥವು ಇಷ್ಟೆ. ಈ ಶ್ಲೋಕದ ಮೂರನೆಯ ಪಾದದ ಆದಿಯಲ್ಲಿ ಎರಡು ಪಾಠಗಳಿವೆ. ಮಲ್ಲಿನಾಥಸೂರಿಯ ಸಂಜೀವಿನಿಯೊಡನೆ ಅಚ್ಚಾದ ಪುಸ್ತಕಗಳಲ್ಲಿ ‘ಜಗ್ಧ್ವಾ’ ಎಂದಿದೆ, ಎಂದರೆ ‘ತಿಂದು’. ಪಾಠಾಂತರದಲ್ಲಿ ‘ದಗ್ಧ’ ಎಂದಿದೆ, ಎಂದರೆ ‘ಸುಟ್ಟ’. ಮುಂದಿನ ಪದವು ಎರಡರಲ್ಲಿಯೂ ‘ಅರಣ್ಯ’ವೇ. ಸವರ್ಣದೀರ್ಘವು ಎರಡು ಕಡೆಯೂ ಒಂದೇ ಬಗೆಯಾಗಿ ಬರುವುದರಿಂದಲೂ, ಮಂದಾಕ್ರಾಂತದ ಮೊದಲ ನಾಲ್ಕು ಗುರುಗಳಿಗೆ ಯಾವುದರಿಂದಲೂ ಲೋಪವಿಲ್ಲದಿರುವುದರಿಂದಲೂ ಛಂದಸ್ಸು ಇಲ್ಲಿ ತೀರ್ಪು ಕೊಡಲಾರದು. ಮೊದಲನೆಯ ಪಾಠದಂತೆ ಮೃಗಗಳು ಕಂದಲಿಯನ್ನು ತಿಂದು, ಕಾಡುಗಳಲ್ಲಿ ನೆಲದ ಕಂಪನ್ನು ಮೂಸುತ್ತವೆ. ಎರಡನೆಯದರಂತೆ ಅವು ಬೆಂದುಹೋದ ಕಾಡುಗಳಿಗೆ ಬಂದು ಮೂಸುತ್ತವೆ. ಒಂದು ಅಕ್ಷರದ ಭೇದದಿಂದ ಒಂದು ಕಾಡೇ ಸುಟ್ಟಿತೋ ಉಳಿಯಿತೋ ಎಂಬಷ್ಟು ಅಂತರವು ಬೀಳುತ್ತದೆ.

ಈ ಭೇದವನ್ನು ಪಾಠಶಾಲೆಗಳಲ್ಲಿ ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗುವುದು ವಾಡಿಕೆ. ಮಲ್ಲಿನಾಥನ ಮಾತಿಗೆ ಎದುರಾಡುವುದು ಸುಲಭವಲ್ಲ. ಅದರಲ್ಲಿಯೂ ಕಲ್ಯಾಣ, ಹುಮನಾಬಾದುಗಳ ಕಡೆಯವರಿಗೆ ಅವನು ಹೊರನಾಡಿನವನಲ್ಲ. ಅವನ ಮನೆತನದ ಹೆಸರಾದ ಕೋಲಾಚಲವನ್ನು ವಿದ್ವಾಂಸರು ಮೆದಕ್ ಸೀಮೆಯ ಕೊಲ್ಚಾರಂ ಗ್ರಾಮವೆಂದು ಗುರುತಿಸಿದ್ದಾರೆ. ಹುಮನಾಬಾದಿನಿಂದ ಹೈದರಾಬಾದಿನ ಹೆದ್ದಾರಿ ಹಿಡಿದು ಮೂಡಲಿಗೆ ನಡೆದರೆ ಜಹೀರಾಬಾದು ದಾಟಿದೊಡನೆ ಆ ಸೀಮೆಯೇ. ಅದೇ ಕೆಮ್ಮಣ್ಣಿನ ಪ್ರಸ್ಥಭೂಮಿ, ಅದೇ ಕುರುಚಲು ಕಾಡು, ಅದೇ ಹುಲ್ಲುಗಾವಲು. ಆದಕಾರಣ ನೆಲವನ್ನು ನೋಡಿದವನಲ್ಲವೆಂದು ಆ ಮಹಾವ್ಯಾಖ್ಯಾತೃವನ್ನು ತಳ್ಳಿಹಾಕುವಂತಿಲ್ಲ. ಅವನ ಪಾಠದ ಬಲವನ್ನು ಮೊದಲು ಒಪ್ಪಿಕೊಳ್ಳಬೇಕು.

ಆ ಬಲವು ಎರಡು ಬಗೆ. ಒಂದನೆಯದು, ‘ನೋಡಿ’, ‘ತಿಂದು’, ‘ಮೂಸಿ’ ಎಂದು ಮೂರು ಪೂರ್ವಕಾಲಕ್ರಿಯೆಗಳು ಸಾಲಾಗಿ ದೊರೆಯುವುದು. ಸಾರಂಗಶಬ್ದಕ್ಕೆ ಕೋಶಗಳಲ್ಲಿ ದುಂಬಿ, ಜಿಂಕೆ, ಆನೆ, ಚಾತಕ ಎಂದು ಅನೇಕಾರ್ಥಗಳಿರುವುದಷ್ಟೆ. ದುಂಬಿ ನೀಪವನ್ನು ನೋಡುತ್ತದೆ, ಜಿಂಕೆ ಕಂದಲಿಯನ್ನು ತಿನ್ನುತ್ತದೆ, ಆನೆ ಮಣ್ಣನ್ನು ಮೂಸುತ್ತದೆ ಎಂದು ಒಂದೊಂದು ಅರ್ಥಕ್ಕೆ ಒಂದೊಂದು ಕ್ರಿಯೆಯನ್ನು ಹಂಚಿಕೊಡಲು ಇದರಿಂದ ಅನುಕೂಲವಾಗುತ್ತದೆ. ಎರಡನೆಯದು, ಪಾಠನಿರ್ಣಯದಲ್ಲಿ ಈಚೆಗೆ ಎಲ್ಲರೂ ಒಪ್ಪುವ ನ್ಯಾಯ: ಕಠಿನವಾದ ಪಾಠವನ್ನು ಲಿಪಿಕಾರನು ಸುಲಭಪಾಠವನ್ನಾಗಿ ಮಾರ್ಪಡಿಸುವುದುಂಟು, ಸುಲಭವಾದುದನ್ನು ಕಠಿನಗೊಳಿಸುವುದು ಅಪರೂಪ. ‘ಜಗ್ಧ್ವಾ’ ವಿರಳಪ್ರಯೋಗ; ‘ದಗ್ಧ’ ಎಲ್ಲರ ನಾಲಗೆಯಲ್ಲಿರುವ ಮಾತು. ಆದುದರಿಂದ ಮೊದಲನೆಯದೇ ಮೂಲವೆಂದು ವಾದಿಸುವವರಿಗೆ ಆಧಾರವಿಲ್ಲದೆ ಇಲ್ಲ.

ಆದರೆ ಈ ಎರಡನೆಯ ವಾದವು ತೋರುವಷ್ಟು ಗಟ್ಟಿಯಲ್ಲ. ಅದ್ ಧಾತುವಿಗೆ ಜಗ್ಧಿ ಎಂಬ ಆದೇಶವನ್ನು ಪಾಣಿನಿಯ ಎರಡನೆಯ ಅಧ್ಯಾಯದ ಸೂತ್ರವೊಂದು ವಿಧಿಸುತ್ತದೆ. ಕೌಮುದಿಯನ್ನು ಓದಿದ ಯಾವ ಹುಡುಗನಿಗೂ ಆ ರೂಪವು ಕಠಿನವಲ್ಲ, ಪ್ರಿಯವಾದುದು. ಕಾವ್ಯವನ್ನು ಬರೆದಿಟ್ಟವರೂ ಬೋಧಿಸಿದವರೂ ವೈಯಾಕರಣರಾಗಿದ್ದ ಕಾಲದಲ್ಲಿ ಇಂಥ ರೂಪವು ಒಳನುಗ್ಗಲು ಅಡ್ಡಿಯೇನು? ಅದಲ್ಲದೆ, ಸಾರಂಗದ ಮೂರು ಅರ್ಥಗಳಿಗೆ ಮೂರು ಕೆಲಸಗಳನ್ನು ಹುಡುಕುವ ವ್ಯಾಖ್ಯಾನಕೌಶಲಕ್ಕೆ ‘ದಗ್ಧ’ಪಾಠದಲ್ಲಿ ಒಂದು ಕೆಲಸ ಕಡಮೆಯಾಗುತ್ತದೆ. ಆ ಕೊರತೆಯನ್ನು ತುಂಬಲು ಪಾಠವೇ ಬದಲಾಯಿತೆಂದು ಶಂಕಿಸುವುದು ಅನ್ಯಾಯವಲ್ಲ. ಶ್ಲೇಷಪ್ರೀತಿಯು ಶುದ್ಧಪಾಠವನ್ನು ಕೆಡಿಸಿದ ನಿದರ್ಶನಗಳು ಬೇರೆಡೆಯಲ್ಲಿಯೂ ಉಂಟು.

ಇನ್ನು ಶ್ಲೋಕದ ಒಳಗಿನ ಸಾಕ್ಷ್ಯ. ಇದರಲ್ಲಿ ಎರಡು ಚಕಾರಗಳಿವೆ. ‘ದಗ್ಧ’ಪಾಠದಲ್ಲಿ ಮೊದಲ ಚಕಾರವು ನೀಪವನ್ನೂ ಕಂದಲಿಯನ್ನೂ ಕೂಡಿಸುತ್ತದೆ, ಎರಡನೆಯದು ನೋಡುವುದನ್ನೂ ಮೂಸುವುದನ್ನೂ ಕೂಡಿಸುತ್ತದೆ. ಎರಡಕ್ಕೂ ಬೇರೆಬೇರೆ ಪ್ರಯೋಜನ ಸಿದ್ಧಿಸಿತು. ‘ಜಗ್ಧ್ವಾ’ಪಾಠದಲ್ಲಿಯೂ ಅನ್ವಯವು ಕೆಡುವುದಿಲ್ಲ, ನಿಜ, ಆದರೆ ಆಗತಾನೆ ಕಣ್ಣಿಗೆ ಬಿದ್ದ ಮೊದಲ ಮೊಗ್ಗೆಂದು ಅಷ್ಟು ಕೋಮಲವಾಗಿ ವರ್ಣಿಸಿದ ಕಂದಲಿಯನ್ನು ಮರುಗಳಿಗೆಯಲ್ಲಿಯೇ ತಿನ್ನಿಸಿಬಿಡುವುದರಲ್ಲಿ ಒಂದು ಆತುರವಿದೆ. ಇದಕ್ಕಿಂತ ಮುಖ್ಯವಾದುದು ಪರಿಮಳಕ್ಕೆ ಕವಿಯು ಕೊಟ್ಟ ‘ಅಧಿಕ’ ಎಂಬ ವಿಶೇಷಣ. ಯಾವುದಕ್ಕಿಂತ ಅಧಿಕ? ‘ಜಗ್ಧ್ವಾ’ ಎಂದು ಓದುವವರು ಅಧಿಕವೆಂದರೆ ಬಹಳವೆಂದು ಹೇಳಿ ತೃಪ್ತರಾಗಬೇಕಾಗುತ್ತದೆ. ಕವಿಯಾದರೋ ಇದಕ್ಕೆ ಕೆಲವೇ ಶ್ಲೋಕಗಳ ಹಿಂದೆ ಮಾಲಕ್ಷೇತ್ರವನ್ನು ವರ್ಣಿಸುವಾಗ, ಆಗತಾನೆ ನೇಗಿಲು ಹೊಡೆದುದರಿಂದ ಆ ಹೊಲವು ಸುರಭಿಯಾಗಿದೆ ಎಂದು ಹೇಳಿ ಬಂದಿದ್ದಾನೆ. ಉತ್ತ ಹೊಲವು ಸುರಭಿ. ಸುಟ್ಟ ಕಾಡು ಅಧಿಕಸುರಭಿ. ಒಂದನ್ನು ಕಬ್ಬಿಣವು ಸೀಳಿದೆ, ಇನ್ನೊಂದನ್ನು ಬೆಂಕಿಯು ಒಣಗಿಸಿದೆ. ಎರಡಕ್ಕೂ ಹನಿ ಬಿದ್ದಿದೆ. ಎರಡನೆಯದರ ಕಂಪು ಹೆಚ್ಚು. ಹೋಲಿಸುವ ವಸ್ತುವನ್ನು ಕವಿಯೇ ಮೊದಲು ಇಟ್ಟು ಅನಂತರ ‘ಅಧಿಕ’ ಎಂದು ಹೇಳಿದ್ದಾನೆಂದು ತಿಳಿದರೆ ಆ ವಿಶೇಷಣವು ಪಾದಪೂರಣಕ್ಕೆ ಬಂದುದಾಗಿ ಉಳಿಯುವುದಿಲ್ಲ.

ಪ್ರಕರಣವೂ ಇದಕ್ಕೆ ಅನುಕೂಲವಾಗಿದೆ. ಮೋಡವು ಆಮ್ರಕೂಟಕ್ಕೆ ಬಂದಾಗ ಅಲ್ಲಿ ಕಾಡುಗಿಚ್ಚು ಉರಿಯುತ್ತಿತ್ತು. ಅದನ್ನು ತನ್ನ ಧಾರೆಯಿಂದ ಆರಿಸಿದ ಉಪಕಾರಕ್ಕಾಗಿಯೇ ಪರ್ವತವು ಅದನ್ನು ತಲೆಯ ಮೇಲೆ ಹೊರುತ್ತದೆ. ಹಿಮಾಲಯಕ್ಕೆ ಹೋದಮೇಲೆಯೂ, ಸರಲವೃಕ್ಷಗಳ ಕಾಂಡಗಳು ಗಾಳಿಗೆ ಒಂದಕ್ಕೊಂದು ತಿಕ್ಕಿ ಹುಟ್ಟಿದ ಕಿಚ್ಚು ಚಮರೀಮೃಗಗಳ ಬಾಲದ ಕೂದಲನ್ನು ಸುಡುತ್ತಿದ್ದರೆ ಅದನ್ನು ಆರಿಸಬೇಕೆಂದು ಯಕ್ಷನು ಬೇಡುತ್ತಾನೆ. ದಾರಿಯ ಮೊದಲಲ್ಲಿ ಒಂದು ಗಿಚ್ಚು, ತುದಿಯಲ್ಲಿ ಒಂದು ಗಿಚ್ಚು. ಬೇಸಗೆಯಲ್ಲಿ ಬೆಂದ ದೇಶದ ಮೇಲೆ ಹೊರಟ ದೂತನಿಗೆ ನಡುದಾರಿಯಲ್ಲಿ ಬೆಂದ ಕಾಡೊಂದು ಎದುರಾಗುವುದು ಅಸಂಗತವಲ್ಲ. ಆಮ್ರಕೂಟದಲ್ಲಿ ಹಣ್ಣಾದ ಮಾವಿನ ಮರಗಳು ಸುತ್ತಲೂ ಇರುವುದರಿಂದ ಅಲ್ಲಿಯ ಕಾಡು ಪೂರ್ತಿ ಬೆಂದಿರಲಿಲ್ಲವೆಂದು ಆಕ್ಷೇಪಿಸಬಹುದು. ಬೆಂಕಿಯು ಕಾಡನ್ನು ಹಾಸಿದ ಕಂಬಳಿಯಂತೆ ಒಂದೇ ಸಮನೆ ಸುಡುವುದಿಲ್ಲ. ಹುಲ್ಲಿನ ಕಡೆ ಓಡುತ್ತದೆ, ಹಸಿಯ ಕಡೆ ನಿಲ್ಲುತ್ತದೆ. ಕವಿಯು ಬಹುವಚನದಲ್ಲಿ ಹೇಳಿದ ಅರಣ್ಯಗಳು ಆಮ್ರಕೂಟವೊಂದೇ ಆಗಬೇಕೆಂಬ ನಿಯಮವೂ ಇಲ್ಲ.

ಇಲ್ಲಿ ಪ್ರತ್ಯಕ್ಷಪ್ರಮಾಣವನ್ನು ತರಬಹುದೇ ಎಂಬ ಪ್ರಶ್ನೆ ಏಳುತ್ತದೆ. ಪಾಠವನ್ನು ಪುಸ್ತಕಗಳಿಂದ ನಿರ್ಣಯಿಸಬೇಕೇ ಹೊರತು ಹುಲ್ಲುಗಾವಲಿನಿಂದಲ್ಲವೆಂದು ಹೇಳುವವರಿದ್ದಾರೆ. ಆದರೆ ಎರಡು ಪಾಠಗಳು ಸಮಬಲವಾಗಿ ನಿಂತಾಗ ಅರ್ಥದ ಔಚಿತ್ಯವೇ ತೀರ್ಪುಗಾರ. ಔಚಿತ್ಯವು ಲೋಕದಿಂದ ತಿಳಿಯತಕ್ಕದ್ದು. ಬಸವಕಲ್ಯಾಣ ಹುಮನಾಬಾದುಗಳ ಸುತ್ತಿನ ಲೋಕವು ಈ ವಿಷಯದಲ್ಲಿ ಮೂಕವಲ್ಲ. ಮುಲ್ಲಾಮಾರಿ ಹುಟ್ಟುವ ಈ ಎತ್ತರದ ನೆಲದಲ್ಲಿ ದಟ್ಟವಾದ ಕಾಡು ಕಡಮೆ. ಮುತ್ತುಗ, ಬೇವು, ಜಾಲಿಗಳ ನಡುವೆ ಹುಲ್ಲೇ ಹೆಚ್ಚು. ಫಾಲ್ಗುಣದಲ್ಲಿ ಮುತ್ತುಗವು ಹೂವಾದಾಗ ಕಾಡಿಗೆ ಕಿಚ್ಚು ಹತ್ತಿದಂತಿದೆ ಎಂದು ಕವಿಗಳು ಹೇಳುವುದುಂಟು. ಆ ಹೂವು ಉದುರುವ ಹೊತ್ತಿಗೆ ನಿಜವಾದ ಕಿಚ್ಚೂ ಹತ್ತುತ್ತದೆ. ಬಿದಿರು ಬಿದಿರನ್ನು ತಿಕ್ಕಿ ಬೆಂಕಿ ಹುಟ್ಟುವುದು ಕವಿಸಮಯ. ಇಲ್ಲಿಯ ಬೆಂಕಿಗೆ ಬಹುಪಾಲು ಮನುಷ್ಯನ ಕೈಯೇ ಕಾರಣ: ಎಸೆದ ಬೀಡಿ, ಹೊಸ ಹುಲ್ಲಿನ ಆಸೆಗೆ ಹಳೆಯ ಹುಲ್ಲನ್ನು ಸುಡುವ ದನಗಾಹಿ, ಕಬ್ಬಿನ ರವದಿಗೆ ಇಟ್ಟ ಬೆಂಕಿ ಬದು ದಾಟಿ ಬರುವುದು. ಒಂದು ಹಗಲಿನಲ್ಲಿ ಗುಡ್ಡದ ಇಳಿಜಾರೆಲ್ಲ ಕರಿದಾಗುತ್ತದೆ.

ಆದರೂ ಹುಲ್ಲು ಸಾಯುವುದಿಲ್ಲ. ಅದರ ಮೊಳಕೆಯ ಕಣ್ಣು ಮಣ್ಣಿನ ಮಟ್ಟದಲ್ಲಿಯೂ ಅದರ ಕೆಳಗೂ ಇರುವುದರಿಂದ ಓಡುವ ಉರಿಯು ಅದನ್ನು ಮುಟ್ಟಲಾರದು. ಬೂದಿಯಾದುದು ಮೇಲಿನ ಒಣಗರಿ ಮಾತ್ರ. ಈ ಕಡೆಯ ಒಕ್ಕಲಿಗರು ಮಿರಗವೆಂದು ಕರೆಯುವ ಮೃಗಶಿರದ ಮಳೆ ಜೂನ್ ತಿಂಗಳಲ್ಲಿ ಬಿದ್ದ ಕೆಲವೇ ದಿನಗಳಲ್ಲಿ ಕರಿಯ ನೆಲದಲ್ಲಿ ಹಸುರಿನ ಸೂಜಿಗಳು ಏಳುತ್ತವೆ. ಎಳೆಯ ಚಿಗುರಿನಲ್ಲಿ ಹಳೆಯ ಗರಿಗಿಂತ ಪುಷ್ಟಿ ಹೆಚ್ಚು. ಎತ್ತರದ ಹುಲ್ಲು ಹೋದುದರಿಂದ ಮೇಯುವ ಪ್ರಾಣಿಗೆ ದೂರದ ಶತ್ರುವೂ ಕಾಣುತ್ತದೆ. ಬೀದರ ಜಿಲ್ಲೆಯ ಬಯಲುಗಳಲ್ಲಿ ಇಂದಿಗೂ ಉಳಿದುಕೊಂಡಿರುವ ಕೃಷ್ಣಮೃಗ, ಎಂದರೆ ಜನರ ಮಾತಿನ ಚಿಗರಿ, ದಟ್ಟವಾದ ಕಾಡನ್ನು ಒಲ್ಲದು. ಗಿಡ್ಡ ಹುಲ್ಲಿನ ಬಯಲೇ ಅದಕ್ಕೆ ಬೇಕು. ಮೋಡವು ಎಲ್ಲಿ ಹನಿಸಿದೆಯೋ ಅಲ್ಲಿ ಚಿಗುರು, ಎಲ್ಲಿ ಚಿಗುರೋ ಅಲ್ಲಿ ಚಿಗರಿ. ಮಳೆಯ ದಾರಿಯನ್ನು ಮೃಗಗಳು ಸೂಚಿಸುತ್ತವೆ ಎಂಬುದು ಉತ್ಪ್ರೇಕ್ಷೆಯಲ್ಲ, ವಸ್ತುಕಥನ.

ಪರಿಮಳದ ವಿಷಯವೂ ಹಾಗೆಯೇ. ಒಣಗಿದ ಮಣ್ಣು ಸಸ್ಯಗಳು ಬಿಡುವ ಸ್ನೇಹದ್ರವ್ಯವನ್ನು ಹೀರಿಟ್ಟುಕೊಂಡು ಮೊದಲ ಹನಿಗೆ ಹೊರಬಿಡುತ್ತದೆಂದು ಆಸ್ಟ್ರೇಲಿಯದ ಇಬ್ಬರು ರಸಾಯನಶಾಸ್ತ್ರಜ್ಞರು 1964ರಲ್ಲಿ ಪ್ರಕಟಿಸಿ ಆ ಕಂಪಿಗೆ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಕನ್ನೌಜಿನ ಗಂಧಿಗರು ಅದಕ್ಕೂ ಬಹಳ ಹಿಂದಿನಿಂದಲೇ ಮಣ್ಣಿನಿಂದ ಅತ್ತರನ್ನು ಇಳಿಸುತ್ತಿದ್ದರು. ಬಾಯಾರಿಕೆ ಹೆಚ್ಚಾದಷ್ಟೂ ಕಂಪು ಹೆಚ್ಚು. ಸುಟ್ಟ ನೆಲಕ್ಕೆ ನೆರಳೂ ಇಲ್ಲ, ಹೊದಿಕೆಯೂ ಇಲ್ಲ. ಅದರ ಬಾಯಾರಿಕೆಗೆ ಸಮವಾದುದು ಯಾವುದು? ‘ಅಧಿಕ’ ಎಂದ ಕವಿಯು ಮೂಗಿನಿಂದ ಬರೆದನೆಂದು ಹೇಳಿದರೆ ಅದು ನಿಂದೆಯಾಗಲಾರದು.

ದೊಡ್ಡ ಕಾಡಿನ ನಿದರ್ಶನ ಬೇಕೆನ್ನುವವರು ಬಂಡೀಪುರವನ್ನು ನೆನೆಯಬಹುದು. 2019ರ ಫೆಬ್ರವರಿಯಲ್ಲಿ ಅಲ್ಲಿ ಹಬ್ಬಿದ ಬೆಂಕಿಯು ಹತ್ತು ಸಾವಿರ ಎಕರೆಗೂ ಮೀರಿದ ಪ್ರದೇಶವನ್ನು ಸುಟ್ಟಿತು. ವಾಯುಸೇನೆಯ ಹೆಲಿಕಾಪ್ಟರುಗಳು ನೀರನ್ನು ಹೊತ್ತು ಸುರಿಯಬೇಕಾಯಿತು. ಮಳೆ ಬಿದ್ದಮೇಲೆ ಹುಲ್ಲು ಎದ್ದಿತು, ಮೇಯುವ ಮೃಗಗಳು ಬಂದವು. ಆದರೆ ಕಾಳಿದಾಸನು ಕಾಣದ ಒಂದು ವಸ್ತುವೂ ಅಲ್ಲಿ ಎದ್ದಿತು: ಹೊರದೇಶದಿಂದ ಬಂದು ಕಾಡನ್ನು ಆಕ್ರಮಿಸಿರುವ ಲಂಟಾನ ಬೆಂಕಿಯ ಅನಂತರ ಬುಡದಿಂದಲೇ ಮತ್ತೆ ಪೊದೆಯಾಗಿ ಹುಲ್ಲಿನ ಜಾಗವನ್ನು ನುಂಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆ ಬಲಿಯುವ ಮುಂಚೆಯೇ ಒಣ ಎಲೆಗೆ ಇಡುತ್ತಿದ್ದ ಸಣ್ಣ ಉರಿಗೆ ‘ತರಗು ಬೆಂಕಿ’ ಎಂದು ಹೆಸರು. 1974ರಲ್ಲಿ ಅದು ಅಭಯಾರಣ್ಯವಾದಮೇಲೆ ಆ ಪದ್ಧತಿ ನಿಂತಿತು. ಲಂಟಾನವೂ ನೆಲ್ಲಿಯ ಮರದ ಮೇಲಿನ ಬಂದಳಿಕೆಯೂ ಹೆಚ್ಚಿದುದು ಆಮೇಲೆಯೇ ಎಂಬುದು ಅವರ ಮಾತು. ಬೆಂದ ಕಾಡೆಲ್ಲವೂ ಒಂದೇ ಅಲ್ಲವೆಂಬುದಕ್ಕೆ ಇಷ್ಟು ಸಾಕು. ಕವಿಯ ಕಾಡು ಹುಲ್ಲಿನ ಕಾಡು. ಅಲ್ಲಿ ಅವನ ಮಾತು ಸಲ್ಲುತ್ತದೆ.

ಇದೇ ಪ್ರಸಂಗದಲ್ಲಿ ಋತುಸಂಹಾರವನ್ನು ನೋಡದೆ ಬಿಡಲಾಗದು. ಅದು ಕಾಳಿದಾಸನದಲ್ಲವೆಂದು ಸಂದೇಹಪಡುವವರುಂಟು. ಮಲ್ಲಿನಾಥನು ಅದಕ್ಕೆ ವ್ಯಾಖ್ಯಾನ ಬರೆಯಲಿಲ್ಲವೆಂಬುದು ಅವರ ಒಂದು ಆಧಾರ. 473ರ ಮಂದಸೋರದ ಶಾಸನವನ್ನು ರಚಿಸಿದ ವತ್ಸಭಟ್ಟಿಗೆ ಆ ಕಾವ್ಯದ ಪರಿಚಯವಿತ್ತೆಂಬುದನ್ನು ಕೀಲ್‌ಹಾರ್ನ್ ತೋರಿಸಿದ್ದರಿಂದ ಅದರ ಪ್ರಾಚೀನತೆಯಲ್ಲಿ ಸಂದೇಹವಿಲ್ಲ. ಕರ್ತೃವು ಯಾರೇ ಆಗಲಿ, ಕಾಡುಗಿಚ್ಚನ್ನೂ ಅದರ ಅನಂತರವನ್ನೂ ಇಷ್ಟು ಹತ್ತಿರದಿಂದ ಕಂಡ ಕಾವ್ಯವು ಬೇರೊಂದಿಲ್ಲ. ಇದರ ಮೊದಲ ಸರ್ಗವು ಗ್ರೀಷ್ಮ. ಬಿಸಿಲಿನ ಬೇಗೆಗೆ ಹಾವು ನವಿಲಿನ ಗರಿಯ ನೆರಳಿಗೆ ಸೇರುತ್ತದೆ. ಬತ್ತಿದ ಕೆಸರಿನಿಂದ ಹಾರಿದ ಕಪ್ಪೆ ಬಾಯಾರಿದ ಹಾವಿನ ಹೆಡೆಯನ್ನೇ ಕೊಡೆಯಾಗಿ ಮಾಡಿಕೊಂಡು ಕುಳಿತುಕೊಳ್ಳುತ್ತದೆ. ಸರ್ಗದ ಕೊನೆಯಲ್ಲಿ ಗಿಚ್ಚು ಹತ್ತಿದಾಗ ಆನೆ, ಗವಯ, ಸಿಂಹಗಳು ಗೆಳೆಯರಂತೆ ಒಟ್ಟಾಗಿ ಹೊರಬಿದ್ದು ನದಿಯ ಮಳಲದಂಡೆಯನ್ನು ಸೇರುತ್ತವೆ.

ಇದನ್ನು ಸಹಜವೈರವು ಅಳಿದ ತಪೋವನದ ವರ್ಣನೆಯಂತೆ ವಿವರಿಸುವ ಅಧ್ಯಾಪಕರುಂಟು. ಅದು ಸರಿಯಲ್ಲ. ತಪೋವನದಲ್ಲಿ ವೈರವು ಶಾಂತಿಯಿಂದ ಅಳಿಯುತ್ತದೆ, ಇಲ್ಲಿ ಆಯಾಸದಿಂದ. ಹಾವಿಗೆ ಕಪ್ಪೆಯ ಮೇಲೆ ಕರುಣೆ ಬಂದಿಲ್ಲ, ಬಾಯಿ ತೆರೆಯಲು ತ್ರಾಣವಿಲ್ಲ. ಈ ಭೇದವು ಎರಡನೆಯ ಸರ್ಗವನ್ನು ಕೂಡಿಸಿ ಓದಿದಾಗ ಮಾತ್ರ ಸ್ಪಷ್ಟವಾಗುತ್ತದೆ. ಅಲ್ಲಿ ಮೋಡವು ರಾಜನಂತೆ ಬರುತ್ತದೆ. ವಿಂಧ್ಯದ ಕಾಡುಗಳಲ್ಲಿ ಎಳೆಹುಲ್ಲು ಎದ್ದಿದೆ. ಅದರ ತುದಿಯನ್ನು ಹೆಣ್ಣುಜಿಂಕೆಗಳು ಆಗಲೇ ಕಚ್ಚಿವೆ. ಜಿಂಕೆ ಬಂದಿತೆಂದು ಕವಿಯು ಹೇಳುವುದಿಲ್ಲ, ಕಚ್ಚಿದ ಹುಲ್ಲನ್ನು ತೋರಿಸುತ್ತಾನೆ. ಕಾಡನ್ನು ಬಲ್ಲವರು ಪ್ರಾಣಿಯನ್ನು ಮೊದಲು ಕಾಣುವುದು ಹೀಗೆಯೇ, ಕುರುಹಿನಲ್ಲಿ. ಇನ್ನೂ ಮುಂದೆ ಒಂದು ಶ್ಲೋಕದಲ್ಲಿ ಹುಳು, ಧೂಳು, ಕಸಕಡ್ಡಿಗಳನ್ನು ಹೊತ್ತ ಹೊಸನೀರು ತಗ್ಗಿನ ಕಡೆಗೆ ಹಾವಿನಂತೆ ಡೊಂಕಾಗಿ ಹರಿಯುತ್ತದೆ. ಕಪ್ಪೆಗಳು ಅದನ್ನು ಹೆದರಿ ನೋಡುತ್ತವೆ.

ಇಲ್ಲಿ ನಿಂತು ನೋಡಬೇಕು. ಹಿಂದಿನ ಸರ್ಗದಲ್ಲಿ ನಿಜವಾದ ಹಾವಿನ ಹೆಡೆಯಡಿಯಲ್ಲಿ ನಿರ್ಭಯವಾಗಿ ಕುಳಿತಿದ್ದ ಅದೇ ಜಾತಿಯ ಪ್ರಾಣಿ ಈಗ ಹಾವಲ್ಲದ, ಹಾವಿನಂತೆ ತೋರುವ ನೀರಿಗೆ ಹೆದರುತ್ತದೆ. ಆಲಂಕಾರಿಕರು ಇದನ್ನು ಉಪಮೆ, ಭ್ರಾಂತಿ ಎಂದು ಹೆಸರಿಟ್ಟು ಸುಮ್ಮನಾಗುತ್ತಾರೆ. ಹೆಸರು ತಪ್ಪಲ್ಲ, ಆದರೆ ಎರಡು ಸರ್ಗಗಳ ಕಪ್ಪೆಗಳನ್ನು ಎದುರೆದುರು ಇಟ್ಟವರು ಕಡಮೆ. ಮಳೆಯು ಮೃಗಗಳನ್ನು ಕಾಡಿಗೆ ಕರೆತಂದುದು ಮಾತ್ರವಲ್ಲ, ಅವುಗಳ ಭಯವನ್ನೂ ಮರಳಿ ಕೊಟ್ಟಿತು. ಭಯವಿಲ್ಲದ ಕಪ್ಪೆ ಸಾಯುತ್ತಿದ್ದ ಕಪ್ಪೆ. ಹೆದರುವ ಕಪ್ಪೆ ಬದುಕಿದ ಕಪ್ಪೆ. ಹೊಸ ಹುಲ್ಲಿಗೆ ಚಿಗರಿ ಬಂದು ತಲೆಯೆತ್ತಿ ಕಿವಿ ನಿಮಿರಿಸಿತೆಂದರೆ ತೋಳವೂ ದೂರವಿಲ್ಲವೆಂದು ಅರ್ಥ. ಈ ಪೂರ್ಣತೆಯನ್ನು ಕವಿಯು ಜಿಂಕೆಯಲ್ಲಿ ಹೇಳಬಹುದಾಗಿತ್ತು, ಕಪ್ಪೆಯಲ್ಲಿ ಹೇಳಿದನು. ಸಣ್ಣ ಪ್ರಾಣಿಯಾದುದರಿಂದಲೇ ಅದು ಯಾರ ಕಣ್ಣಿಗೂ ಬೀಳದೆ ಉಳಿಯಿತೋ ಏನೋ. ಗ್ರೀಷ್ಮವೊಂದನ್ನೇ ಆಯ್ದು ವರ್ಷವನ್ನು ಬಿಟ್ಟು ಪಾಠಕ್ಕೆ ಇಡುವ ಸಂಕಲನಕಾರರು ವಿದ್ಯಾರ್ಥಿಗಳ ಮುಂದೆ ಮಳಲದಂಡೆಯಲ್ಲಿ ಕೊನೆಗೊಂಡ ಲೋಕವನ್ನು ಇಡುತ್ತಿದ್ದಾರೆ. ಅದು ಅರ್ಧಶ್ಲೋಕವನ್ನು ಓದಿಸಿದಂತೆ.

ಕನ್ನಡದಲ್ಲಿ ಕಾಡುಗಿಚ್ಚೆಂದೊಡನೆ ನೆನಪಿಗೆ ಬರುವುದು ಖಾಂಡವದಹನ. 941ರಲ್ಲಿ ಪಂಪನು ವಿಕ್ರಮಾರ್ಜುನವಿಜಯವನ್ನು ಮುಗಿಸಿದುದು ಅರಿಕೇಸರಿಯ ಆಶ್ರಯದಲ್ಲಿ. ಅವನ ರಾಜಧಾನಿಯಾದ ವೇಮುಲವಾಡವೂ ಕಲ್ಯಾಣಕ್ಕೆ ಮೂಡಣದ ಸೀಮೆಯೇ. ಉರಿಯ ವೇಗವನ್ನೂ ಸಿಕ್ಕಿಬಿದ್ದ ಪ್ರಾಣಿಗಳ ಸಂಕಟವನ್ನೂ ಪಂಪನು ವರ್ಣಿಸುತ್ತಾನೆ. ಆಮೇಲೆ ಕಥೆಯು ಮಯನ ಸಭೆಗೂ ರಾಜಸೂಯಕ್ಕೂ ಹೋಗುತ್ತದೆ. ಕಾಡಿನ ಕಡೆಗೆ ತಿರುಗಿ ನೋಡುವ ಅವಕಾಶ ಕಥೆಗಿಲ್ಲ. ದಂಡಿಯು ಮಹಾಕಾವ್ಯಕ್ಕೆ ವಿಧಿಸಿದ ವರ್ಣನೆಗಳಲ್ಲಿ ನಗರ, ಸಮುದ್ರ, ಪರ್ವತ, ಋತು, ಉದ್ಯಾನಗಳುಂಟು. ಅರಣ್ಯವಿಲ್ಲ, ಗಿಚ್ಚಂತೂ ಇಲ್ಲ. ಕಲ್ಯಾಣದ ಆಸ್ಥಾನದಲ್ಲಿಯೇ ಮೂರನೆಯ ಸೋಮೇಶ್ವರನು ಬರೆದ ಮಾನಸೋಲ್ಲಾಸವು ಮೃಗಗಳನ್ನು ಬಹಳ ಬಲ್ಲದು. ಆದರೆ ಅದರ ಕಣ್ಣು ಬೇಟೆಗಾರನ ಕಣ್ಣು.

ವ್ಯಾಸಭಾರತದಲ್ಲಿ ಮಾತ್ರ ಒಂದು ಮರಳುವಿಕೆಯ ಕಥೆಯಿದೆ. ಖಾಂಡವದಲ್ಲಿ ಜರಿತೆ ಎಂಬ ಶಾರ್ಙ್ಗಕಪಕ್ಷಿಗೆ ನಾಲ್ಕು ಮರಿಗಳು. ತಂದೆಯಾದ ಮಂದಪಾಲನು ಲಪಿತೆಯ ಬೆನ್ನು ಹತ್ತಿ ಹೋಗಿದ್ದಾನೆ. ಬೆಂಕಿ ಬಂದಾಗ ಇಲಿಯ ಬಿಲವನ್ನು ಸೇರಿರೆಂದು ತಾಯಿ ಹೇಳುತ್ತಾಳೆ. ಇಲಿಯ ಬಾಯಿಗಿಂತ ಬೆಂಕಿಯೇ ಲೇಸೆಂದು ಮರಿಗಳು ಒಲ್ಲವು. ಇಲಿಯನ್ನು ಗಿಡುಗ ಒಯ್ದಿತೆಂದು ಅವಳು ಹೇಳಿದರೂ ನಂಬವು. ಕೊನೆಗೆ ಅವುಗಳ ಮಾತಿನಂತೆಯೇ ತಾಯಿ ಹಾರಿಹೋಗುತ್ತಾಳೆ. ಅಗ್ನಿಯು ಅವುಗಳ ಸ್ತುತಿಗೆ ಮೆಚ್ಚಿ ಬಿಟ್ಟುಹೋದಮೇಲೆ ಬೂದಿಯ ನಡುವೆ ಮರಳಿ ಬಂದು ಒಂದೊಂದನ್ನೇ ಅಪ್ಪಿ ಅಳುತ್ತಾಳೆ. ಮಂದಪಾಲನೂ ಬರುತ್ತಾನೆ, ಅವನೊಡನೆ ಮೊದಲು ಯಾರೂ ಮಾತನಾಡುವುದಿಲ್ಲ. ಇಷ್ಟೆಲ್ಲ ಆದಮೇಲೆ ಅವನು ಹೆಂಡತಿಮಕ್ಕಳನ್ನು ಕರೆದುಕೊಂಡು ಬೇರೆ ದೇಶಕ್ಕೆ ಹೋದನೆಂದು ವ್ಯಾಸರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಉಳಿದವರೂ ಉಳಿಯಲಿಲ್ಲ. ಇಂದ್ರನ ಮಳೆಯನ್ನು ಅರ್ಜುನನು ಬಾಣಗಳಿಂದ ತಡೆದ ಕಾಡದು. ಮೇಘದೂತದ ಕಾಡಿಗೂ ಖಾಂಡವಕ್ಕೂ ಇರುವ ಭೇದವೆಲ್ಲ ಅಷ್ಟರಲ್ಲಿಯೇ ಇದೆ: ಒಂದು ಕಡೆ ಬೆಂಕಿಯ ಹಿಂದೆ ಮಳೆ ಬರಬಹುದು, ಇನ್ನೊಂದು ಕಡೆ ಬರಕೂಡದು.

ಹುಮನಾಬಾದಿನ ಕಡೆಯ ರೈತನಿಗೆ ಈ ವಿಚಾರದಲ್ಲಿ ಒಂದು ತಕರಾರಿದೆ. ಅದನ್ನು ಮರೆತರೆ ವಿಮರ್ಶೆಯು ಏಕಪಕ್ಷೀಯವಾದೀತು. ಮಿರಗಕ್ಕೆ ಹುಲ್ಲಿನೊಡನೆ ಅವನ ಹೆಸರು, ಉದ್ದು, ತೊಗರಿಗಳೂ ಮೊಳೆಯುತ್ತವೆ. ಚಿಗರಿಗೆ ಅವುಗಳ ಭೇದವಿಲ್ಲ. 1972ರ ವನ್ಯಜೀವಿ ಕಾಯಿದೆಯಂತೆ ಅದನ್ನು ಹೊಡೆಯುವಂತಿಲ್ಲ. ಕವಿಯ ಕಾಡಿನ ಚಿಗುರಿಗೆ ಒಡೆಯರಿರಲಿಲ್ಲ. ಮಾಲಕ್ಷೇತ್ರದ ಉತ್ತ ಹೊಲಕ್ಕೂ ಸುಟ್ಟ ಕಾಡಿಗೂ ನಡುವೆ ಕವಿಯು ಒಂದು ಪರ್ವತವನ್ನೂ ಒಂದು ನದಿಯನ್ನೂ ಇಟ್ಟಿದ್ದಾನೆ. ಇಲ್ಲಿ ನಡುವೆ ಇರುವುದು ಒಂದು ಬದು.

ಇನ್ನು ಉಳಿದುದು ಸಾರಂಗಶಬ್ದ. ‘ದಗ್ಧ’ಪಾಠವನ್ನು ಮೂಲದಲ್ಲಿ ಇಟ್ಟು ‘ಜಗ್ಧ್ವಾ’ವನ್ನು ಅಡಿಟಿಪ್ಪಣಿಗೆ ಇಳಿಸಿದರೆ ಮೂರು ಅರ್ಥಗಳ ಹಂಚಿಕೆ ಬಿದ್ದುಹೋಗುತ್ತದೆ, ನೋಡುವವನೂ ಮೂಸುವವನೂ ಒಬ್ಬನೇ ಆಗುತ್ತಾನೆ. ದುಂಬಿಗೆ ಮಣ್ಣಿನ ಕಂಪಿನಿಂದ ಪ್ರಯೋಜನವಿಲ್ಲ. ಚಾತಕವು ಹನಿಯನ್ನು ಕಾಯುವುದೇ ಹೊರತು ನೆಲವನ್ನು ಮೂಸುವುದಿಲ್ಲ. ಆನೆಯು ವಿಂಧ್ಯಕ್ಕೆ ಒಪ್ಪುತ್ತದೆ. ಹಿಂದಿನ ಶ್ಲೋಕದಲ್ಲಿ ಕಾಡಾನೆಗಳ ಮದದಿಂದ ಕಂಪಾದ ರೇವೆಯ ನೀರನ್ನು ಮೋಡಕ್ಕೆ ಕುಡಿಸಿಯೂ ಆಗಿದೆ. ಅದೇ ಪ್ರಾಣಿಯನ್ನು ಒಡನೆಯೇ ಬೇರೊಂದು ಹೆಸರಿನಿಂದ ಕವಿಯು ತಂದಾನೆ? ತರಲಾರನೆಂದಲ್ಲ; ತರಬೇಕಾದ ಅಗತ್ಯ ಕಾಣುವುದಿಲ್ಲ. ಬೆಂದ ನೆಲಕ್ಕೆ ಮೊದಲ ಹನಿಗೇ ಬಂದು, ಮೂತಿ ತಗ್ಗಿಸಿ, ಇನ್ನೂ ಏಳದ ಹುಲ್ಲನ್ನು ಮಣ್ಣಿನಲ್ಲಿ ಹುಡುಕುವ ಪ್ರಾಣಿ ಜಿಂಕೆ. ಬೋಧಿಸುವವರು ಇಲ್ಲಿ ಸಾರಂಗವೆಂದರೆ ಹರಿಣವೆಂದೇ ಹೇಳಬಹುದು; ಬಸವಕಲ್ಯಾಣದ ಕಡೆಯ ಹುಡುಗರಿಗಾದರೆ ಚಿಗರಿ ಎಂದರೂ ಸಾಕು.